ಕೂಗುವವನ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಕಾಗಿದ್ದದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ದೋನ್ಯಾ ನೆರೇಯ್ದಾ. ನನ್ನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ನೆರೇಯ್ದಾಳ ಗಂಡ ಅದಕ್ಕೂ ಮುಂಚೆ ಹೋಗಿದ್ದ. ಊರ ಚೌಕದ ಮೂಲೆಯಲ್ಲಿ ಅವಳದೊಂದು ಹೂವಿನಂಗಡಿ. ಮದುವೆಯ ಹೂವಿಗಿಂತ ಸಾವಿನ ಹಾರಗಳೇ ಅಲ್ಲಿ ಹೆಚ್ಚು ಖರ್ಚಾಗುತ್ತಿದ್ದವು. ನಾನು ಪೋನ್ಸೆ ನಗರಕ್ಕೆ ಜನ ತುಂಬಿಕೊಂಡು ಹೋಗಿಬರುವ ವ್ಯಾನಿನ ಚಾಲಕ. ವ್ಯಾನು ನಿಲ್ಲುವ ಜಾಗ ಆ ಅಂಗಡಿಯ ಎದುರಿಗೇ. "ಪೋನ್ಸೆ, ಪೋನ್ಸೆ, ಇನ್ನಿಬ್ಬರಿಗೆ ಜಾಗ ಇದೆ" ಎಂದು ಕೂಗುತ್ತಾ, ಕಣ್ಣಂಚಿನಲ್ಲಿ ಅವಳು ಹೂವಿನ ಕಡ್ಡಿ ಕತ್ತರಿಸುವುದನ್ನು ನೋಡುತ್ತಾ ನಿಲ್ಲುವುದು ನನ್ನ ದಿನಚರಿಯಾಗಿತ್ತು. ಮಾತಾಡಿಸಲು ಒಂದು ನೆಪವಾದರೂ ಬೇಕಲ್ಲ. ಹಾರ ಕೊಳ್ಳೋಣವೆಂದರೆ ಯಾರಾದರೂ ಸಾಯಬೇಕು.

ನನ್ನ ತಂಗಿ ಮಿಗ್ದಾಲಿಯಾಗೆ ಇದೆಲ್ಲ ಗೊತ್ತಿತ್ತು. ಅವಳ ಬಾಯಿಗೆ ಬೀಗ ಹಾಕುವವರು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. "ಅಣ್ಣಾ, ನೀನು ಹಿಂಗೇ ನೋಡ್ತಾ ನಿಂತಿರು. ಒಂದಿನ ಅವಳೇ ನಿನ್ನ ಹೆಣಕ್ಕೆ ಹಾರ ಕಟ್ಟಿ ಕಳಿಸ್ತಾಳೆ, ಅವತ್ತು ಮಾತಾಡ್ಸೀಯಂತೆ" ಅನ್ನುತ್ತಿದ್ದಳು.

ಈ ನೆರೇಯ್ದಾಗೆ ಇನ್ನೊಂದು ಕೆಲಸವಿತ್ತು. ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡದ ಅಂಕಿಅಂಶ ಬರೆಯುವವಳು ಅವಳೇ. ಅಂಕಣದ ಪಕ್ಕ ಒಂದು ಉದ್ದನೆಯ ಮೇಜು, ಅದರ ಹಿಂದೆ ಎರಡು ಕುರ್ಚಿ. ಒಂದರಲ್ಲಿ ಬರೆಯುವವಳು, ಇನ್ನೊಂದರಲ್ಲಿ ಕೂಗುವವನು. ಕೂಗುವವನು ಚೆಂಡಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ, ಬರೆಯುವವಳು ಹಾಳೆಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ತಲೆ ಎತ್ತಿ ನೋಡಲು ಹೋದರೆ ಅಷ್ಟರಲ್ಲಿ ಎರಡು ಎಸೆತ ತಪ್ಪಿಹೋಗುತ್ತವೆ. ಹಾಗಾಗಿ ಅವಳು ಹನ್ನೆರಡು ಸೀಸನ್ ಆ ಮೇಜಿನ ಹಿಂದೆ ಕೂತಿದ್ದರೂ ಒಂದು ಆಟವನ್ನೂ ಕಣ್ಣಾರೆ ಕಂಡವಳಲ್ಲ. ಅವಳಿಗೆ ಆಟವೆಂದರೆ ಪಕ್ಕದ ಕುರ್ಚಿಯಲ್ಲಿ ಕೂತು ಕೂಗುತ್ತಿದ್ದ ದೋನ್ ಮೋಂಚೋನ ದನಿ. ಆ ಮೋಂಚೋ ಮಂಡಿ ಆಪರೇಷನ್ ಮಾಡಿಸಿಕೊಳ್ಳಲು ಓರ್ಲಾಂಡೋದಲ್ಲಿರುವ ಮಗಳ ಮನೆಗೆ ಹೋದ, ಹೋದವನು ಅಲ್ಲೇ ಉಳಿದ.

ಒಂದು ಬೆಳಿಗ್ಗೆ ನೆರೇಯ್ದಾ ಕತ್ತರಿ ಕೈಯಲ್ಲೇ ಹಿಡಿದು ರಸ್ತೆ ದಾಟಿ ನೇರ ನನ್ನ ಹತ್ತಿರ ಬಂದಳು.

"ದೋನ್ ಎಫ್ರಾಯಿನ್, ನಿಮ್ಮ ಗಂಟಲು ನನಗೆ ಬೇಕು" ಅಂದಳು, ಹಿರಿಯರಿಗೆ ಸೇರಿಸುವ ದೋನ್ ಬಿಡದೆ.

"ತಗೊಳ್ಳಿ" ಅಂದೆ. ಯಾಕೆ ಏನು ಎಂದು ಕೇಳಲಿಲ್ಲ.

"ಅಂಕಣದಲ್ಲಿ ಆ ಜನರ ಗಲಾಟೆ ಮೀರಿ ಕೇಳಿಸೋ ದನಿ ಈ ಊರಲ್ಲಿ ನಿಮ್ಮದೊಂದೇ. ಬ್ಯಾಸ್ಕೆಟ್‌ಬಾಲ್ ಗೊತ್ತಿದೆ ತಾನೇ?"

"ಗೊತ್ತಿದೆ" ಅಂದೆ. ಹಸಿ ಸುಳ್ಳು. ನಮ್ಮೂರಲ್ಲಿ ಮಕ್ಕಳು ನಡೆಯುವ ಮೊದಲೇ ಚೆಂಡು ಪುಟಿಸುತ್ತವೆ, ಆದರೆ ನಾನೊಬ್ಬ ಬೇಸ್‌ಬಾಲಿನವನು. ಬೇಸ್‌ಬಾಲಿನಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಮನುಷ್ಯ ಉಗುಳಬಹುದು, ಬೈಯಬಹುದು, ಯೋಚಿಸಬಹುದು. ಈ ಹತ್ತು ಜನ ಕುರಿ ಹಿಂಡಿನ ಹಾಗೆ ಆ ಕಡೆ ಈ ಕಡೆ ಓಡುವುದರಲ್ಲಿ ಏನಿದೆ ಎಂದು ನಾನು ಜೀವಮಾನವಿಡೀ ಗೊಣಗಿದವನು.

"ಈ ಸೀಸನ್ ಮುಗಿಯೋವರೆಗೆ ನೋಡ್ತೀನಿ" ಅಂದಳು ನೆರೇಯ್ದಾ. "ಲೆಕ್ಕ ಕೂಡಿ ಬರ್ಲಿಲ್ಲ ಅಂದ್ರೆ ಕುರ್ಚಿ ಖಾಲಿ ಮಾಡ್ಬೇಕು. ಮುಲಾಜಿಲ್ಲ."

ಸೀಸನ್ ಮುಗಿಯುವುದರೊಳಗೆ ಅವಳನ್ನು ಕೇಳಿಯೇಬಿಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಅಲ್ಲಿಯವರೆಗೆ ಆ ಕುರ್ಚಿ ಉಳಿಸಿಕೊಳ್ಳಬೇಕಿತ್ತು.

ಮೊದಲ ಆಟದಲ್ಲಿ ಮರ್ಯಾದೆ ಹರಾಜಾಯಿತು. ಚೆಂಡು ಮೇಲೆ ಹೋದಾಗ ನನ್ನ ಕಣ್ಣೂ ಅದರ ಜೊತೆ ಮೇಲೆ ಹೋಗುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಯಾರು ಎಸೆದರೆಂಬುದೇ ಮರೆತಿರುತ್ತಿತ್ತು. "ಅಯ್ಯಯ್ಯೋ, ಎಂಥಾ ಎಸೆತ" ಎಂದು ಕೂಗಿದೆ.

"ಅಯ್ಯಯ್ಯೋ ಬರೆಯೋಕೆ ನನ್ನ ಹಾಳೇಲಿ ಜಾಗ ಇಲ್ಲ" ಅಂದಳು ಅವಳು, ತಲೆ ಎತ್ತದೆ. "ನಂಬರು ಹೇಳಿ. ಎಷ್ಟರ ಎಸೆತ ಹೇಳಿ. ಬಿತ್ತೋ ತಪ್ಪಿತೋ ಹೇಳಿ. ತಪ್ಪಿದ್ರೆ ಯಾರ ಕೈಗೆ ಹೋಯ್ತು ಹೇಳಿ."

"ಆ ಉದ್ದನೆಯವನ ಕೈಗೆ."

"ಎಲ್ಲರೂ ಉದ್ದನೆಯವರೇ ಕಣ್ರೀ."

ಅರ್ಧ ಆಟ ಮುಗಿದಾಗ ಅವಳು ಪೆನ್ಸಿಲಿನ ತುದಿಯಿಂದ ಹಾಳೆಯನ್ನು ಕುಟ್ಟಿದಳು. "ತಪ್ಪಿದ ಎಸೆತ ಇಪ್ಪತ್ತೊಂಬತ್ತು. ನೀವು ಕೂಗಿದ ರಿಬೌಂಡು ಹದಿನೇಳು. ಉಳಿದ ಹನ್ನೆರಡು ಚೆಂಡು ಎಲ್ಲಿ, ಸ್ವರ್ಗಕ್ಕೆ ಹೋದವಾ?"

ನನಗೆ ತಲೆಬುಡ ತಿಳಿಯಲಿಲ್ಲ. ಆಗ ಅವಳು ಸಮಾಧಾನವಾಗಿ ಹೇಳಿದಳು: ಬುಟ್ಟಿಗೆ ಬೀಳದ ಪ್ರತಿ ಚೆಂಡಿಗೂ ಒಬ್ಬ ವಾರಸುದಾರ ಇರಬೇಕು, ಅದನ್ನು ಹಿಡಿಯುವುದೇ ರಿಬೌಂಡು. ನಮ್ಮವರು ಹಿಡಿದರೋ, ಎದುರಿನವರು ಹಿಡಿದರೋ, ಅಥವಾ ಯಾರ ಕೈಗೂ ಸಿಗದೆ ಗೆರೆ ದಾಟಿ ಹೊರಗೆ ಹೋಯಿತೋ. ಹೊರಗೆ ಹೋದರೆ ಅದು ಯಾರಿಗೆ ಸಿಕ್ಕಿತೋ ಆ ತಂಡದ ಹೆಸರಿಗೆ. ಅನಾಥ ಚೆಂಡು ಎಂಬುದು ಈ ಲೋಕದಲ್ಲಿಲ್ಲ. ಅವಳ ಮಾತು ನನಗೆ ಹಿಡಿಸಿತು. ಬೇಸ್‌ಬಾಲಿನಲ್ಲೂ ಇಷ್ಟು ನ್ಯಾಯವಿಲ್ಲ.

ಆಟ ಮುಗಿದ ಮೇಲೆ ಹೊರಗಿನ ಗೂಡಂಗಡಿಯಲ್ಲಿ ಕೂತು ಲೆಕ್ಕ ಕೂಡಿಸುವುದು ರೂಢಿ. ಬಕಲಾಯಿತೋ ಎಣ್ಣೆಯಲ್ಲಿ ಚುರ್ರೆನ್ನುತ್ತಿತ್ತು. ಆ ಮೀನಿನ ಬಜ್ಜಿಯ ಎಣ್ಣೆ ಹಾಳೆಗೆ ತಾಗದಂತೆ ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆ ದಿನ ನಮ್ಮ ಯಾದಿಯೆಲ್ ಇಪ್ಪತ್ತೆರಡು ಪಾಯಿಂಟ್ ಹಾಕಿದ್ದ. ಊರೆಲ್ಲ ಅವನನ್ನು ಹೊಗಳುತ್ತಿತ್ತು, ನಾನೂ ಹೊಗಳಿದೆ.

"ಇಪ್ಪತ್ತೆರಡು ಹಾಕಿದ, ಸರಿ" ಅಂದಳು ನೆರೇಯ್ದಾ. "ಎಷ್ಟು ಸಲ ಎಸೆದು ಹಾಕಿದ?"

"ಎಸೆದ, ಸುಮಾರು ಎಸೆದ."

"ಇಪ್ಪತ್ತಾರು ಸಲ. ಬಿದ್ದಿದ್ದು ಹತ್ತು. ನಮ್ಮ ತಂಡದ್ದೇ ಬೆರ್ತೋ ಐದು ಸಲ ಎಸೆದ, ನಾಲ್ಕು ಬಿತ್ತು. ಈಗ ಹೇಳಿ, ಚೆಂಡು ಯಾರ ಕೈಲಿ ಇರಬೇಕಿತ್ತು?"

ಬೇಸ್‌ಬಾಲಿನಲ್ಲಿ ಇಪ್ಪತ್ತಾರಕ್ಕೆ ಹತ್ತು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಇಲ್ಲಿ ಅವನಿಗೆ ಮಂಗಳಾರತಿ. ಅದೇ ಅಂಕಿ, ಬೇರೆ ಆಟ, ಬೇರೆ ಬೆಲೆ. ಅಂಕಿ ಎಂದರೆ ಅಂಕಿಯೇ ಎಂದುಕೊಂಡಿದ್ದ ನನಗೆ ಇದು ಹೊಸ ಪಾಠ.

ಆಮೇಲೆ ಬಂತು ಅಸಿಸ್ಟ್. ಅದು ನನ್ನ ಜೀವ ತೆಗೆಯಿತು. ಪಾಯಿಂಟು ಕಣ್ಣಿಗೆ ಕಾಣುತ್ತದೆ, ರಿಬೌಂಡೂ ಕಾಣುತ್ತದೆ. ಆದರೆ ಅಸಿಸ್ಟ್ ಕೊಡುವುದು ಬಿಡುವುದು ಕೂಗುವವನ ಮನಸ್ಸಿಗೆ ಬಿಟ್ಟದ್ದು. ಪಾಸ್ ಕೊಟ್ಟವನಿಗೆಲ್ಲ ನಾನು ಅಸಿಸ್ಟ್ ಹಂಚುತ್ತಿದ್ದೆ, ಚರ್ಚಿನ ಹಬ್ಬದ ಮಿಠಾಯಿಯ ಹಾಗೆ. ಒಂದು ಬೆಳಿಗ್ಗೆ ವ್ಯಾನಿಗೆ ಜನ ತುಂಬುವುದಕ್ಕೆ ಕಾಯುತ್ತಿದ್ದಾಗ ಅವಳು ನನ್ನನ್ನು ಅಂಗಡಿಯೊಳಗೆ ಕರೆದಳು. ಮೇಜಿನ ಮೇಲೆ ಬಿಳಿ ಹೂವಿನ ದೊಡ್ಡ ಹಾರವೊಂದಿತ್ತು, ಪಕ್ಕದಲ್ಲಿ ಬಿಡಿ ಹೂಗಳ ಕಟ್ಟು.

"ನೋಡಿ. ನಾನು ಹಾರ ಕಟ್ಟಿ ಕೊಡ್ತೀನಿ. ನೀವು ತಗೊಂಡ್ಹೋಗಿ ಹೆಣದ ಪೆಟ್ಟಿಗೆ ಮೇಲೆ ಇಡ್ತೀರಿ. ಆ ಕೆಲಸ ಯಾರದ್ದು?"

"ನಿಮ್ಮದು."

"ನಾನು ಬರೀ ಬಿಡಿಹೂ ಕೊಟ್ಟೆ. ನೀವು ಕೂತು, ಕಡ್ಡಿ ಕತ್ತರಿಸಿ, ತಂತಿ ಸುತ್ತಿ, ಬೆರಳು ಚುಚ್ಚಿಸ್ಕೊಂಡು ಹಾರ ಮಾಡಿದ್ರಿ. ಈಗ?"

"ನನ್ನದು."

"ಅಷ್ಟೇ ಅಸಿಸ್ಟು. ಪಾಸ್ ಹಿಡಿದವನು ಇಟ್ರೆ ಸಾಕು ಅನ್ನೋ ಹಾಗಿರಬೇಕು. ಹಿಡಿದವನು ಆಮೇಲೆ ತಾನೇ ಒಬ್ಬನ್ನ ತಪ್ಪಿಸಿ, ಚೆಂಡು ಪುಟಿಸ್ಕೊಂಡು ಹೋಗಿ ಹಾಕಿದ್ರೆ ಅದು ಅವನ ಸ್ವಂತ ದುಡಿಮೆ. ಕೊಟ್ಟವನಿಗೆ ಏನಿಲ್ಲ."

ಹೊರಗೆ ನನ್ನ ಪ್ರಯಾಣಿಕರು ಹಾರನ್ ಬಾರಿಸುತ್ತಿದ್ದರು. "ಏನಯ್ಯಾ, ಪೋನ್ಸೆಗೆ ಹೋಗೋದಾ, ಇಲ್ಲಾ ನಾವೇ ಓಡಿಸ್ಕೊಂಡು ಹೋಗೋಣ್ವಾ?" ಎಂದು ಒಬ್ಬಳು ಅಜ್ಜಿ ಕೂಗಿದಳು. ನಾನು ಹೋಗಲಿಲ್ಲ. ಬಿಡಿ ಹೂವಿಗೂ ಹಾರಕ್ಕೂ ಇರುವ ವ್ಯತ್ಯಾಸ ಇನ್ನೊಮ್ಮೆ ಹೇಳಿಸಿಕೊಂಡೆ. ನಿಜ ಹೇಳಬೇಕೆಂದರೆ ಮೊದಲ ಸಲವೇ ಅರ್ಥವಾಗಿತ್ತು.

ಹೀಗೆ ಕಲಿಯುತ್ತಾ ಕಲಿಯುತ್ತಾ ನನಗೇ ಗೊತ್ತಾಗದಂತೆ ಆ ಆಟದ ಹುಚ್ಚು ಹಿಡಿಯಿತು. ಈಗ ಹತ್ತು ಕುರಿಗಳು ಕಾಣುತ್ತಿರಲಿಲ್ಲ, ಹತ್ತು ಬುದ್ಧಿಗಳು ಕಾಣುತ್ತಿದ್ದವು. ತಪ್ಪಿದ ಎಸೆತ, ರಿಬೌಂಡ್, ಪಾಸ್, ಕೈಬಿಟ್ಟ ಚೆಂಡು, ಎಲ್ಲ ಒಂದರ ಹಿಂದೊಂದು ನನ್ನ ಬಾಯಿಂದ ಉದುರುತ್ತಿದ್ದವು, ಅವಳ ಪೆನ್ಸಿಲು ಸರಸರನೆ ಓಡುತ್ತಿತ್ತು. ಲೆಕ್ಕ ಕೂಡಿ ಬರತೊಡಗಿತು. ಒಂದು ಸಲ ಅವಳು ಹಾಳೆ ಮಡಚುತ್ತಾ, "ಮೋಂಚೋ ಹೇಳ್ತಿದ್ದಾಗ ನಂಗೆ ಅಂಕಿ ಕೇಳಿಸ್ತಿತ್ತು. ನೀವು ಹೇಳಿದ್ರೆ ಆಟ ಕಾಣ್ಸತ್ತೆ" ಅಂದಳು. ಆ ರಾತ್ರಿ ಹೊಟ್ಟೆಗೆ ಊಟ ಬೇಕೆನಿಸಲಿಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಲಿಲ್ಲ. ಇಡೀ ಚೌಕಕ್ಕೆ ಕೇಳುವಂತೆ ಪೋನ್ಸೆ ಎನ್ನಬಲ್ಲ ಗಂಟಲು ಅವಳ ಮುಂದೆ ಮಾತ್ರ ಒಣಗುತ್ತಿತ್ತು. "ಅಣ್ಣಾ, ಅಳ್ದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ಕೇಳ್ಬಿಡು" ಎಂದು ಮಿಗ್ದಾಲಿಯಾ ದಿನಾ ಜೀವ ತಿನ್ನುತ್ತಿದ್ದಳು. ಕೊನೆಯ ಆಟ ಆಗಿಬಿಡಲಿ ಎಂದು ನಾನು ಮುಂದೂಡುತ್ತಿದ್ದೆ.

ಆ ಕೊನೆಯ ಆಟ ಬಂತು, ಒಂದು ಭಾನುವಾರ ಮಧ್ಯಾಹ್ನ. ಅಷ್ಟರಲ್ಲಿ ಊರಿಗೆಲ್ಲ ಜ್ವರ ಹಿಡಿದಿತ್ತು. ನಮ್ಮ ತಂಡದ ನಾಲ್ಕನೇ ನಂಬರಿನ ಜೊಕ್ಸಾನ್, ಕ್ಷೌರಿಕನ ಮಗ, ತಾನು ಎಸೆಯುವುದಕ್ಕಿಂತ ಬೇರೆಯವರಿಗೆ ಕೊಡುವುದರಲ್ಲೇ ಸುಖ ಕಾಣುವ ಹುಡುಗ. ಒಂದು ಸೀಸನ್ನಿನ ಅಸಿಸ್ಟ್ ದಾಖಲೆ ಪಕ್ಕದೂರಿನ ಒಬ್ಬನ ಹೆಸರಿನಲ್ಲಿ ಎಷ್ಟೋ ಕಾಲದಿಂದ ಕೂತಿತ್ತು. ಇವತ್ತು ಜೊಕ್ಸಾನ್‌ಗೆ ಏಳು ಸಿಕ್ಕರೆ ಅವನಿಗೆ ಸಮ, ಎಂಟು ಸಿಕ್ಕರೆ ದಾಖಲೆ ನಮ್ಮೂರದ್ದು. ಬೇಕರಿಯವನು ಕೇಕಿನ ಮೇಲೆ ಅವನ ಹೆಸರು ಬರೆದು ತಂದಿಟ್ಟಿದ್ದ.

ಆಟಕ್ಕೆ ಮುಂಚೆ ಪೆನ್ಸಿಲು ಚೂಪು ಮಾಡುತ್ತಾ ನೆರೇಯ್ದಾ ಅಂದಳು, "ಸಿಗ್ಲಿ ಕಣ್ರೀ ಆ ಹುಡುಗನಿಗೆ. ಬೆಳಿಗ್ಗೆ ಚರ್ಚಲ್ಲಿ ಮೇಣದಬತ್ತಿ ಹಚ್ಚಿ ಬಂದಿದೀನಿ. ಚೆಂಡು ಹಾಕಿದವನ ಹೆಸರು ಎಲ್ಲರಿಗೂ ನೆನಪಿರತ್ತೆ. ಕೊಟ್ಟವನನ್ನ ಯಾರು ಕೇಳ್ತಾರೆ? ಒಂದು ಸಲ ಆದ್ರೂ ಕೇಳ್ಲಿ."

ಅವಳು ಏನನ್ನಾದರೂ ಇಷ್ಟು ಆಸೆಯಿಂದ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಮ್ಮವರು ಬೇಗನೇ ಮುಂದೆ ಹೋದರು. ಸೋಲು ಗೆಲುವಿನ ಚಿಂತೆ ಯಾರಿಗೂ ಉಳಿಯಲಿಲ್ಲ. ಜೊಕ್ಸಾನ್ ಕೊಡುತ್ತಾ ಹೋದ. ಮೂರು, ನಾಲ್ಕು, ಐದು. ಪ್ರತಿ ಸಲವೂ ಮೈಕು ಹಿಡಿದ ತೀತೋ ನಮ್ಮ ಮೇಜಿನತ್ತ ನೋಡುತ್ತಿದ್ದ, ನೆರೇಯ್ದಾ ತಲೆ ಬಗ್ಗಿಸಿಕೊಂಡೇ ಬೆರಳು ಎತ್ತುತ್ತಿದ್ದಳು, ಅವನು ಅಂಕಿ ಘೋಷಿಸುತ್ತಿದ್ದ, ಮಾಡು ಹಾರಿಹೋಗುವ ಹಾಗೆ ಜನ ಕೂಗುತ್ತಿದ್ದರು. ಕೊನೆಗೆ ಏಳಾಯಿತು. ಸಮ. ಇನ್ನೊಂದೇ ಬೇಕು, ಗಡಿಯಾರದಲ್ಲಿ ಒಂದು ನಿಮಿಷ ಚಿಲ್ಲರೆ ಇತ್ತು.

ಆಗ ಜನ ಉಸಿರು ಬಿಗಿಹಿಡಿದರು. ಜೊಕ್ಸಾನ್ ಮೂಲೆಯಲ್ಲಿದ್ದ ಒಂಬತ್ತನೇ ನಂಬರಿನ ಯಾದಿಯೆಲ್‌ಗೆ ಚೆಂಡು ಕೊಟ್ಟ. ಇಟ್ಟುಬಿಡೋ ಎಂದು ನನ್ನ ಮನಸ್ಸು ಕೂಗಿತು. ಆದರೆ ಯಾದಿಯೆಲ್ ಎಂದಾದರೂ ಸುಮ್ಮನೆ ಇಟ್ಟವನೇ? ಎಸೆಯುವ ಹಾಗೆ ಮಾಡಿದ, ಎದುರಿಗಿದ್ದವನನ್ನು ಹಾರಿಸಿದ, ಚೆಂಡು ಪುಟಿಸಿಕೊಂಡು ಅವನ ಪಕ್ಕದಿಂದ ನುಗ್ಗಿ, ಇನ್ನೊಬ್ಬನ ಕೈಕೆಳಗಿಂದ ಬುಟ್ಟಿಗೆ ಹಾಕಿದ. ಜನ ಎದ್ದು ನಿಂತರು. ತೀತೋ ನಮ್ಮತ್ತ ತಿರುಗಿದ.

ಅದು ಬಿಡಿಹೂ. ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ನನ್ನ ಕಣ್ಣೆದುರು ಬಂದದ್ದು ಚರ್ಚಿನಲ್ಲಿ ಬತ್ತಿ ಹಚ್ಚುತ್ತಿರುವ ನೆರೇಯ್ದಾ. ಅವಳ ಮುಖದಲ್ಲಿ ಒಂದು ನಗು ಕಾಣುವುದಾದರೆ ಒಂದು ಅಂಕಿ ಏನು ಮಹಾ ಅನ್ನಿಸಿತು. "ಒಂಬತ್ತು, ಎರಡರ ಎಸೆತ, ಬಿತ್ತು" ಎಂದು ಕೂಗಿದೆ. ಆಮೇಲೆ, "ನಾಲ್ಕು, ಅಸಿಸ್ಟ್."

ಪೆನ್ಸಿಲು ನಿಂತಿತು.

ಹನ್ನೆರಡು ಸೀಸನ್ ಏಳದಿದ್ದ ತಲೆ ಎದ್ದಿತು. ಅವಳು ಅಂಕಣದ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. "ಚೆಂಡು ಮೂರು ಸಲ ನೆಲಕ್ಕೆ ಬಡೀತು, ದೋನ್ ಎಫ್ರಾಯಿನ್. ಜನ ಎಲ್ಲ ಸುಮ್ಮನಿದ್ರು, ನಂಗೆ ಚೆನ್ನಾಗಿ ಕೇಳಿಸ್ತು. ನನ್ನ ಮುಖ ನೋಡಿ ಇನ್ನೊಂದ್ಸಲ ಹೇಳಿ."

ಆ ಕಣ್ಣು ನೋಡಿಕೊಂಡು ಹೇಳಲು ನನ್ನಿಂದಾಗಲಿಲ್ಲ. "ಅಸಿಸ್ಟ್ ಅಲ್ಲ" ಅಂದೆ.

ಅವಳು ತೀತೋನ ಕಡೆ ಅಡ್ಡಡ್ಡ ತಲೆಯಾಡಿಸಿದಳು, ಮತ್ತೆ ಹಾಳೆಗೆ ಬಗ್ಗಿದಳು. ಜನ ಬಾಯಿಗೆ ಬಂದಂತೆ ಬೈದರು, ಬೈದದ್ದೆಲ್ಲ ನನಗೆ. "ಬೇಸ್‌ಬಾಲಿನವನನ್ನ ತಂದು ಕೂರ್ಸಿದ್ರೆ ಇನ್ನೇನಾಗತ್ತೆ" ಎಂದು ಬೇಕರಿಯವನು ಅರಚಿದ. ಊರಿನ ಪರವಾಗಿ ಸುಳ್ಳು ಹೇಳಿದವನು ನಾನು, ಊರಿಗೆ ದ್ರೋಹ ಮಾಡಿದವನೆಂದು ಬೈಸಿಕೊಂಡವನೂ ನಾನೇ. ಅಷ್ಟರಲ್ಲಿ ಜೊಕ್ಸಾನ್ ಮತ್ತೆ ಚೆಂಡು ಹಿಡಿದು, ಇಬ್ಬರ ನಡುವಿನ ಸಂದಿಯಿಂದ ಬುಟ್ಟಿಯ ಕೆಳಗೆ ನಿಂತಿದ್ದ ಬೆರ್ತೋಗೆ ದಾಟಿಸಿದ. ಅದು ಕಟ್ಟಿದ ಹಾರ. ಇಡೀ ಸೀಸನ್ ತಪ್ಪಿದ್ದೇ ಅಪರೂಪ ಎನ್ನುವಂಥ ಬೆರ್ತೋ, ಆ ಒಂದನ್ನು ತಪ್ಪಿಸಿದ. ತಾನೇ ಹಾರಿ ರಿಬೌಂಡ್ ಹಿಡಿದು ಹಾಕಿದ. ಆ ಎರಡನೆಯದು ಅವನ ಸ್ವಂತ ದುಡಿಮೆ. ಅಲ್ಲಿಗೆ ಅಸಿಸ್ಟ್ ಸತ್ತಿತು, ಆಟ ಮುಗಿದ ಗಂಟೆ ಹೊಡೆಯಿತು. ದಾಖಲೆ ಎರಡೂರಿಗೆ ಸಮಪಾಲು.

ಜೊಕ್ಸಾನ್ ಮಾತ್ರ ನಗುತ್ತಾ ಮೇಜಿನ ಹತ್ತಿರ ಬಂದ. "ಯಾದಿಯೆಲ್ ಅಷ್ಟೊಂದು ಕುಣಿದ ಮೇಲೆ ಅಸಿಸ್ಟ್ ಕೇಳೋಕೆ ನಂಗೇ ನಾಚಿಕೆ ಆಗ್ತಿತ್ತು, ದೋನ್ಯಾ. ಕೇಕ್ ತಿಂತೀರಾ?" ಅಂದ. ಅವನಿಗಿಲ್ಲದ ದುಃಖ ಊರಿಗೇಕೆಂದು ನನಗೆ ತಿಳಿಯಲಿಲ್ಲ. ನನ್ನ ದುಃಖವೇ ಬೇರೆ ಇತ್ತು.

ನೆರೇಯ್ದಾ ಲೆಕ್ಕ ಕೂಡಿಸಿದಳು. ಎಲ್ಲ ಸರಿಯಾಗಿ ಕೂಡಿತು. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, "ಮುಂದಿನ ಸೀಸನ್ನಿಗೆ ಕೂಗೋಕೆ ಬೇರೆಯವರನ್ನ ನೋಡ್ಕೋತೀನಿ" ಅಂದಳು.

"ಸುಳ್ಳು ಹೇಳ್ಬಾರದಾಗಿತ್ತು. ನಿಮಗೆ ಖುಷಿಯಾಗ್ಲಿ ಅಂತ ಹೇಳ್ಬಿಟ್ಟೆ" ಅಂದೆ.

"ಗೊತ್ತಾಯ್ತು. ಅದಕ್ಕೇ ಹೇಳ್ತಿರೋದು. ನನ್ನ ಖುಷಿ ನೋಡೋರು ನನಗೆ ಕಣ್ಣಾಗಿ ಕೂರಕ್ಕಾಗಲ್ಲ. ಒಂದೇ ಮನೆಯೋರು ಒಬ್ರು ಕೂಗಿ ಒಬ್ರು ಬರೆದ್ರೆ ಆ ಹಾಳೆನ ಯಾವ ಊರು ನಂಬತ್ತೆ?"

"ನಾವು ಒಂದೇ ಮನೆಯೋರಲ್ವಲ್ಲ" ಅಂದೆ, ದಡ್ಡ ಶಿಖಾಮಣಿ.

ಅವಳು ಚೀಲ ಕೆಳಗಿಟ್ಟಳು. "ಇಡೀ ಸೀಸನ್ ನನ್ನ ಪಕ್ಕ ಕೂತು ಗಂಟಲು ಹರಿಯೋ ಹಾಗೆ ಏನೇನೋ ಕೂಗಿದ್ರಿ. ಕೇಳಬೇಕಾದ ಒಂದನ್ನ ಮಾತ್ರ ಕೇಳ್ಲಿಲ್ಲ. ಇನ್ನೂ ಎಷ್ಟು ಸೀಸನ್ ಬೇಕು ನಿಮಗೆ?"

ನನಗೆ ಅರ್ಥವಾಗುವಷ್ಟರಲ್ಲಿ ಬಾಯಿ ತಾನೇ ತೆರೆದುಕೊಂಡಿತ್ತು. "ನನ್ನ ಮದುವೆ ಆಗ್ತೀರಾ?" ಬಂದದ್ದು ವ್ಯಾನಿನ ಮುಂದೆ ಪೋನ್ಸೆ ಎಂದು ಕೂಗುವ ದನಿ. ಹೊರಗೆ ಹೊರಟಿದ್ದವರೆಲ್ಲ ಬಾಗಿಲಲ್ಲೇ ನಿಂತರು. ನನ್ನನ್ನು ಬೈಯುತ್ತಿದ್ದವರ ಬಾಯಿ ಬೈಗುಳದ ನಡುವೆಯೇ ನಿಂತಿತು. "ಅಂತೂ ಇಂತೂ ಬಾಯಿ ಬಿಟ್ಟ" ಎಂದು ಮಿಗ್ದಾಲಿಯಾ ಮೆಟ್ಟಿಲ ಮೇಲಿಂದ ಎಲ್ಲರಿಗೂ ತಿಳಿಸಿದಳು.

"ಮೆಲ್ಲಗೆ ಕೇಳಿ" ಅಂದಳು ನೆರೇಯ್ದಾ. "ನಾನು ಇಲ್ಲೇ ಇದೀನಿ."

ಮೆಲ್ಲಗೆ ಕೇಳಿದೆ. ಅವಳು ಹೂಂ ಅಂದಳು.

ಈಗ ಮೇಜಿನಲ್ಲಿ ಕೂಗುವವಳು ಮಿಗ್ದಾಲಿಯಾ. ನನ್ನ ಹೆಂಡತಿಯ ಮೇಲೆ ಅವಳಿಗೆ ಎಳ್ಳಷ್ಟೂ ದಾಕ್ಷಿಣ್ಯವಿಲ್ಲದ್ದರಿಂದ ಲೆಕ್ಕ ಅಚ್ಚುಕಟ್ಟಾಗಿದೆ. ನಾನು ಮೆಟ್ಟಿಲ ಮೇಲೆ ಕೂತು ಆಟ ನೋಡುತ್ತೇನೆ, ಕೈಯಲ್ಲಿ ಬಕಲಾಯಿತೋ. ನೆರೇಯ್ದಾ ತಲೆ ಎತ್ತುವುದಿಲ್ಲ. ಮನೆಗೆ ಬಂದು ಅನ್ನ ಬೀನ್ಸು ಬಡಿಸುತ್ತಾ, "ಈಗ ಹೇಳಿ, ಇವತ್ತು ಆಟ ಹೇಗಿತ್ತು?" ಅನ್ನುತ್ತಾಳೆ. ನಾನು ಮೊದಲಿಂದ ಹೇಳುತ್ತೇನೆ. ಜೊಕ್ಸಾನ್‌ಗೆ ನಾನು ಒಂದೆರಡು ಅಸಿಸ್ಟ್ ಹೆಚ್ಚಿಗೇ ಕೊಡುತ್ತೇನೆ. ಅವಳಿಗೆ ಅದು ಗೊತ್ತಾಗುತ್ತದೆ, ಆದರೂ ತಡೆಯುವುದಿಲ್ಲ.